ಬೆರಳು ಸಾಹೇಬರೂ ಐದು ಬ್ರೆಡ್ ತುಂಡುಗಳೂ

ಕೈ ತೊಳೆಯುವುದು ಏನು ಮಹಾ ಕೆಲಸ ಎಂದುಕೊಂಡವರು ಒಮ್ಮೆ ಬೆರಳು ಸಾಹೇಬರ ಮನೆಗೆ ಊಟಕ್ಕೆ ಹೋಗಿಬರಬೇಕು. ಊಟ ಸಿಗುವುದು ಆಮೇಲಿನ ಮಾತು. ಮೊದಲು ಬಚ್ಚಲಿನ ಬಾಗಿಲಲ್ಲಿ ಎರಡೂ ಅಂಗೈ ಚಾಚಿ ನಿಲ್ಲಬೇಕು. ಸಾಹೇಬರು ತಮ್ಮ ತೋರುಬೆರಳನ್ನು ನಿಮ್ಮ ಅಂಗೈ ಮೇಲೆ ಒಮ್ಮೆ ಎಳೆದು, ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಇನ್ನೊಂದ್ಸಲ" ಎನ್ನುತ್ತಾರೆ. ಮೊದಲನೇ ಸಲಕ್ಕೇ ಪಾಸಾದವರು ಇದುವರೆಗೆ ಯಾರೂ ಇಲ್ಲ. (ಒಮ್ಮೆ ಮನೆಗೆ ಬಂದ ಹಲ್ಲಿನ ಡಾಕ್ಟರೂ ಮೂರು ಸಲ ತೊಳೆದು, ಆಮೇಲೆ ಹಸಿವಿಲ್ಲ ಎಂದು ಹೇಳಿ ಎದ್ದುಹೋದರು.)

ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವುದು ಸಾಹೇಬರ ಸರಕಾರಿ ಕೆಲಸ. ಅವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಬೀದಿಯುದ್ದಕ್ಕೂ ಅಡುಗೆಯವರು ಏಪ್ರನ್ ಹುಡುಕುತ್ತಾರೆ. ಬೆರಳು ಸಾಹೇಬರು ಎಂದು ಹೆಸರಿಟ್ಟವರೂ ಆ ಅಡುಗೆಯವರೇ. ಹೊರಗೆ ಇಷ್ಟು ದರ್ಬಾರು ಇದ್ದ ಮನುಷ್ಯನಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ, ಅದೇ ಅವರ ಸಂಕಟ. ಕೈತೊಳೆಯುವ ಬೇಸಿನ್ನಿನ ಮೇಲೆ ಅವರು ಬರೆದು ಅಂಟಿಸಿದ ಸೂಚನೆಗಳು ಒಟ್ಟು ಒಂಬತ್ತು. ಸೋಪು ಎಷ್ಟು ಉಜ್ಜಬೇಕು, ಎಲ್ಲಿಯವರೆಗೆ ಉಜ್ಜಬೇಕು, ಉಜ್ಜುವಾಗ ನಲವತ್ತರವರೆಗೆ ಎಣಿಸಬೇಕು ಎಂದೆಲ್ಲ ಬರೆದು, ಕಡೆಯದಾಗಿ ಕೆಂಪಕ್ಷರದಲ್ಲಿ, 'ಈ ಟವೆಲ್ ನನ್ನದು, ಬೇರೆ ಯಾರೂ ಮುಟ್ಟತಕ್ಕದ್ದಲ್ಲ' ಎಂದಿತ್ತು. ಇಷ್ಟಾದರೂ ಹೆಂಡತಿ ಒಗ್ಗರಣೆ ಸೀಯುತ್ತದೆಂದು ಹತ್ತಕ್ಕೇ ಎಣಿಕೆ ನಿಲ್ಲಿಸುತ್ತಿದ್ದಳು. ಹತ್ತು ವರ್ಷದ ಮಗಳು ಮೂವತ್ತರಿಂದ ಎಣಿಕೆ ಶುರು ಮಾಡುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ತಲೆನೋವು ಹೆಂಡತಿಯ ತಮ್ಮ. ಪಕ್ಕದ ಬೀದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ದಿನಾ ಮಧ್ಯಾಹ್ನ ಅಕ್ಕನ ಮನೆಗೇ ಊಟಕ್ಕೆ ಬರುತ್ತಿದ್ದ. ಹುಟ್ಟಿದಾಗಲೇ ಉಗುರಿಗೆ ಗ್ರೀಸು ಹಚ್ಚಿಕೊಂಡು ಬಂದವನಂತೆ ಕಾಣುತ್ತಿದ್ದ. ಬಟ್ಟೆ ಒಗೆಯುವ ಪುಡಿಯನ್ನೇ ಅಂಗೈಗೆ ಸುರಿದುಕೊಂಡು ಗಸಗಸ ಉಜ್ಜಿ, ಒರೆಸಿಕೊಳ್ಳಲು ಟವೆಲ್ ಇಲ್ಲವಾದ್ದರಿಂದ ಕೈಯನ್ನು ಗಾಳಿಯಲ್ಲಿ ಪಟಪಟ ಕೊಡವುತ್ತಿದ್ದ. ಹನಿ ಸಾಹೇಬರ ಕನ್ನಡಕದ ಮೇಲೆ ಬೀಳುತ್ತಿತ್ತು. ಇವನನ್ನು ಹಿಂದಿನ ವರಾಂಡದಲ್ಲಿ ಕೂರಿಸಿ ಊಟ ಕೊಡು ಎಂದು ಸಾಹೇಬರು ವರ್ಷದಿಂದ ಹಟ ಹಿಡಿದಿದ್ದರು. ಬಟ್ಟೆ ಒಣಗುವ, ಪೊರಕೆ ನಿಲ್ಲಿಸುವ ಜಾಗದಲ್ಲಿ ತನ್ನ ತಮ್ಮ ಒಬ್ಬನೇ ಕೂತು ಉಣ್ಣುವುದನ್ನು ನೆನೆಸಿಕೊಂಡೇ ಹೆಂಡತಿ ದಿನಾ ಅವನ ತಟ್ಟೆಯನ್ನು ಒಳಗೇ ಹಾಕುತ್ತಿದ್ದಳು.

ಹೀಗಿರುವಾಗ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಮನೆಮಂದಿ ಸೇರಿ ಮಾಡಬಹುದಾದ ಸುಲಭದ ವಿಜ್ಞಾನ ಪ್ರಯೋಗ. ಊಟಕ್ಕೆ ಮುಂಚೆ ಎಲ್ಲರೂ ಎಂದಿನಂತೆಯೇ ಕೈ ತೊಳೆಯಬೇಕು, ಆಮೇಲೆ ತಲಾ ಒಂದು ಬ್ರೆಡ್ ತುಂಡನ್ನು ಅಂಗೈಯಿಂದ ಒತ್ತಬೇಕು. ಕಡೆಯದನ್ನು, ಈ ಮನೆಯ ಲೆಕ್ಕಕ್ಕೆ ಐದನೆಯದನ್ನು, ಯಾರೂ ಮುಟ್ಟದೆ ಇಕ್ಕಳದಲ್ಲೇ ಹಿಡಿಯಬೇಕು. ಒಂದೊಂದಕ್ಕೂ ಹನಿ ನೀರು ಚಿಮುಕಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಯಾವುದಕ್ಕೆ ಬೂಷ್ಟು ಹಿಡಿಯುತ್ತದೆ ಎಂದು ಏಳು ದಿನ ನೋಡಬೇಕು.

ಓದಿದ ಸಾಹೇಬರ ಮುಖ ಊರಗಲವಾಯಿತು. ಪ್ರಯೋಗವನ್ನು ಮಗಳ ಕೈಯಿಂದ ನಿಂತ ನಿಲುವಿನಲ್ಲೇ ವಶಕ್ಕೆ ತೆಗೆದುಕೊಂಡರು. ಭಾವಮೈದುನನ ಬ್ರೆಡ್ಡು ಕೊಳೆತರೆ ಅವನ ಊಟ ಇನ್ನು ಒಂದು ತಿಂಗಳು ವರಾಂಡದಲ್ಲಿ, ಇದು ವಿಜ್ಞಾನದ ತೀರ್ಪು, ತಾವೇನೂ ಹೇಳಿದ್ದಲ್ಲ ಎಂದು ಘೋಷಿಸಿದರು.

ಹೆಂಡತಿ ಒಲೆ ಆರಿಸಿ ಬಂದಳು. "ಅವನೊಬ್ಬನಿಗೇ ಯಾಕೆ? ಯಾರ ಬ್ರೆಡ್ಡು ಜಾಸ್ತಿ ಕೊಳೆಯುತ್ತೋ ಅವರು ಅಲ್ಲಿ ಉಣ್ಲಿ. ಒಪ್ಪಿಗೆ ಅಂದ್ರೆ ಬರ್ಕೊಡಿ."

ಸಾಹೇಬರು ಸಂತೋಷವಾಗಿ ಬರೆದುಕೊಟ್ಟರು. ಕೆಳಗೆ ಸಹಿ, ತಾರೀಖು, ಹುದ್ದೆಯ ಮೊಹರು. (ಮನೆಯಲ್ಲೊಂದು ಮೊಹರು ಇಟ್ಟುಕೊಂಡಿದ್ದರು, ಮಗಳ ಅಂಕಪಟ್ಟಿಗೂ ಅದನ್ನೇ ಒತ್ತುತ್ತಿದ್ದರು.)

ಭಾನುವಾರ ಮಧ್ಯಾಹ್ನ ಮಾದರಿ ಸಂಗ್ರಹ ಕಾರ್ಯ ಯಥಾವಿಧಿ ನೆರವೇರಿತು. ಚೀಲದ ಬಾಯಿಗೆ ಟೇಪು, ಟೇಪಿನ ಮೇಲೆ ಸಾಹೇಬರ ಸಹಿ. ಯಾರದು ಯಾವುದೆಂಬುದನ್ನು ಅಳಿಸಲಾಗದ ಶಾಯಿಯಲ್ಲಿ ಅವರೇ ಬರೆದರು. ತನಿಖೆ ನಿಷ್ಪಕ್ಷಪಾತವಾಗಿರಬೇಕು ಎಂದು ಹೇಳಿ, ಮಗಳಿಂದ ಚೀಲಗಳನ್ನು ಅದಲುಬದಲು ಮಾಡಿಸಿ, ಹೆಸರೆಲ್ಲ ಗೋಡೆಯ ಕಡೆಗೆ ತಿರುಗುವಂತೆ ಸಾಲಾಗಿ ಒರಗಿಸಿಟ್ಟರು. ಏಳನೇ ದಿನದವರೆಗೆ ಯಾರೂ ತಿರುಗಿಸುವ ಹಾಗಿಲ್ಲ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ಬೆಳಗ್ಗೆ ಎಡಗಡೆಯಿಂದ ಎರಡನೇ ಚೀಲದಲ್ಲಿ ಒಂದು ಹಸಿರು ಚುಕ್ಕೆ ಕಾಣಿಸಿತು. ಸಾಹೇಬರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೆಂಡತಿಯನ್ನು ಎಬ್ಬಿಸಿ ಕರೆತಂದರು. ಐದನೇ ದಿನ ಚುಕ್ಕೆ ಗುಂಡಿಯಷ್ಟಾಯಿತು. ಆರನೇ ದಿನ ಅದಕ್ಕೆ ಬೂದಿಬಣ್ಣದ ರೋಮ ಬಂದು, ನಡುವೆ ಕಪ್ಪಾಗಿ, ಬ್ರೆಡ್ಡು ಎಲ್ಲಿದೆಯೆಂದು ಹುಡುಕುವಂತಾಯಿತು. ಮಿಕ್ಕವುಗಳಲ್ಲಿ ಎರಡಕ್ಕೆ ಸಾಸಿವೆಯಷ್ಟು ಕಲೆ ಬಿದ್ದಿತ್ತು. ಎರಡು ಬೆಳ್ಳಗೇ ಇದ್ದವು.

ಊಟದ ಹೊತ್ತಿಗೆ ಸಾಹೇಬರು ಎರಡನೇ ಚೀಲದ ಮುಂದೆ ನಿಂತು ಭಾಷಣ ಬಿಗಿಯುತ್ತಿದ್ದರು. ಇಂಥ ಕೈಯನ್ನು ಹೋಟೆಲಿನಲ್ಲಿ ಕಂಡಿದ್ದರೆ ಬಾಗಿಲಿಗೆ ಬೀಗ ಜಡಿಯುತ್ತಿದ್ದೆ, ಸಂಬಂಧ ಅಂತ ಸುಮ್ಮನಿದ್ದೇನೆ ಎನ್ನುತ್ತಿದ್ದರು. ಭಾವಮೈದುನ ಪಾಪ, ತುತ್ತು ಬಾಯಿಗಿಡುವ ಮೊದಲು ತನ್ನ ಅಂಗೈಯನ್ನೇ ಹಿಂದೆಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಇನ್ಮೇಲೆ ಗ್ಯಾರೇಜಿಗೇ ಡಬ್ಬಿ ಕಳಿಸಿಬಿಡು ಅಕ್ಕ ಎಂದು ಮೆಲ್ಲಗೆ ಹೇಳಿದ. ಅವಳು ಬಡಿಸುವ ಸೌಟನ್ನು ಪಾತ್ರೆಯಲ್ಲಿ ಧಡ್ ಎಂದು ಕುಕ್ಕಿ ಒಳಗೆ ಹೋದಳು. ಸಾಹೇಬರು ಮಾತ್ರ ಆ ಸಂಜೆಯೇ ವರಾಂಡದ ಪೊರಕೆಯನ್ನು ಆಚೆ ಸರಿಸಿ, ಒಂದು ಮಣೆ ಹಾಕಿ ಬಂದರು.

ಏಳನೇ ದಿನ ಮತ್ತೆ ಭಾನುವಾರ. ನಾಲ್ವರೂ ಸೇರಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಆ ಅಸಹ್ಯವನ್ನು ಎರಡು ಬೆರಳಲ್ಲಿ ಹಿಡಿದು, ಮಗಳ ಕೈಗೆ ಕೊಟ್ಟು, ಜೋರಾಗಿ ಓದು ಎಂದರು.

ಮಗಳು ಚೀಲ ತಿರುಗಿಸಿದಳು. "ಅಪ್ಪ," ಎಂದಳು.

"ಏನಮ್ಮ? ಹೆಸರು ಓದು."

"ಅದೇ ಅಪ್ಪಾ, ಓದಿದ್ದು. ಅಪ್ಪ ಅಂತ ಇದೆ."

ಅಳಿಸಲಾಗದ ಶಾಯಿ. ಅವರದೇ ಅಕ್ಷರ. ಸಾಹೇಬರು ಮೊದಲು ಮೋಸ ಎಂದರು, ಆಮೇಲೆ ಸಂಚು ಎಂದರು. ಟೇಪು ಹರಿದಿರಲಿಲ್ಲ, ಸಹಿ ಕದಲಿರಲಿಲ್ಲ. ಬೆಳ್ಳಗಿದ್ದ ಎರಡರಲ್ಲಿ ಒಂದು ಇಕ್ಕಳದ್ದು, ಇನ್ನೊಂದು ಮೆಕ್ಯಾನಿಕ್ಕಿನದು. ಸಾಹೇಬರು ತಾನು ಹೇಗೆ ಕೈ ತೊಳೆಯುತ್ತೇನೆಂದು ಎಲ್ಲರೂ ಕಣ್ಣಾರೆ ನೋಡಲಿ ಎಂದು ಬೇಸಿನ್ನಿಗೆ ನುಗ್ಗಿದರು. ಮೊಣಕೈವರೆಗೆ ಸೋಪು ಹಚ್ಚಿ, ನಲವತ್ತರ ತನಕ ಗಟ್ಟಿಯಾಗಿ ಎಣಿಸಿ ತೊಳೆದರು. ನಿಜಕ್ಕೂ ಅದರಲ್ಲಿ ಕುಂದೇ ಇರಲಿಲ್ಲ. ಆಮೇಲೆ ಗೆದ್ದವರಂತೆ ತಿರುಗಿ, ತಮ್ಮ ಟವೆಲಿನಲ್ಲಿ ಕೈಯನ್ನು ಚೆನ್ನಾಗಿ ಒರೆಸಿಕೊಂಡರು.

ಮಗಳು ಟವೆಲನ್ನೇ ನೋಡುತ್ತಿದ್ದಳು. "ಅಪ್ಪಾ, ಇದನ್ನ ಯಾರು ಒಗೀತಾರೆ?"

"ಯಾರೇನು? ನಿಮ್ಮಮ್ಮ."

"ನಾನ್ಯಾಕೆ ಒಗೀಲಿ?" ಎಂದಳು ಹೆಂಡತಿ. "ಮುಟ್ಟಬಾರದು ಅಂತ ನೀವೇ ಬರ್ದು ಹಾಕಿದ್ದೀರಲ್ಲ."

ಸಾಹೇಬರು ಕೆಂಪಕ್ಷರವನ್ನು ನೋಡಿದರು. ಅದನ್ನು ಅಂಟಿಸಿದಾಗ ಮಗಳು ಎರಡನೇ ಕ್ಲಾಸಿನಲ್ಲಿದ್ದಳು, ಈಗ ನಾಲ್ಕು ಮುಗಿಯುತ್ತ ಬಂದಿತ್ತು.

"ನಾನು ಬೂದಿಬಣ್ಣದ್ದೇ ಕೊಂಡಿದ್ದು, ಕೊಳೆ ಏನಲ್ಲ," ಎಂದರು, ಯಾರೂ ಕೇಳದಿದ್ದರೂ.

"ಹಳದಿ, ಭಾವ," ಎಂದ ಭಾವಮೈದುನ ತಗ್ಗಿದ ದನಿಯಲ್ಲಿ. "ನಾನೇ ಅಲ್ವಾ ತಂದುಕೊಟ್ಟಿದ್ದು. ಹೂವಿನ ಅಂಚು ಇತ್ತು."

ಹೂವಿನ ಅಂಚನ್ನು ಹುಡುಕುವ ಧೈರ್ಯ ಯಾರಿಗೂ ಬರಲಿಲ್ಲ. ಮಗಳು ಹಾಳೆಯ ಕೊನೆಯ ಪ್ರಶ್ನೆಗೆ ಉತ್ತರ ಬರೆದಳು: 'ಸದರಿ ಟವೆಲನ್ನು ತಕ್ಷಣ ಒಗೆಯತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.' ದಿನಾ ಅಪ್ಪನ ನೋಟಿಸುಗಳ ಹಿಂಬದಿಯಲ್ಲಿ ಲೆಕ್ಕ ಮಾಡುವ ಹುಡುಗಿಗೆ ಆ ಭಾಷೆ ಬಾಯಿಪಾಠವಾಗಿತ್ತು. ಪೋಷಕರ ಸಹಿ ಎಂಬಲ್ಲಿ ಸಹಿ ಮಾಡಿ ಎಂದಳು. ಮೊಹರನ್ನೂ ತಾನೇ ತಂದು ಕೊಟ್ಟಳು.

ಹೆಂಡತಿ ಕರಾರಿನ ಕಾಗದವನ್ನು ಒಂಬತ್ತು ಸೂಚನೆಗಳ ಪಕ್ಕದಲ್ಲಿ ಹತ್ತನೆಯದಾಗಿ ಅಂಟಿಸಿ, ಒಳಗೆ ಹೋಗಿ ಬಡಿಸತೊಡಗಿದಳು. ತುಂಬ ದಿನಗಳ ಮೇಲೆ ಅವಳು ಒಳಗೆ ಹಾಡು ಗುನುಗುವುದು ಕೇಳಿಸಿತು.

ಸಾಹೇಬರು ವರಾಂಡದಲ್ಲಿ, ತಾವೇ ಹಾಕಿದ ಮಣೆಯ ಮೇಲೆ ಕೂತರು. ತಲೆಯ ಮೇಲಿನ ತಂತಿಯಲ್ಲಿ ಈಗಷ್ಟೇ ತಮ್ಮ ಕೈಯಾರೆ ಒಗೆದ ಟವೆಲು ತೊಟತೊಟ ಹನಿಯುತ್ತಿತ್ತು. (ಹಳದಿಯೇ.) ಸ್ವಲ್ಪ ಹೊತ್ತಿಗೆ ಭಾವಮೈದುನ ಎರಡು ತಟ್ಟೆ ಹಿಡಿದು ಬಂದ. "ಒಬ್ಬರೇ ಉಣ್ಣೋಕೆ ಬೇಜಾರು ಭಾವ, ನಾನೂ ಇಲ್ಲೇ ಕೂರ್ತೀನಿ," ಎಂದ. ಸಾಹೇಬರಿಗೆ ಕಣ್ಣು ತೇವವಾಯಿತು. ಎಂಥ ಹುಡುಗನನ್ನು ಏನೆಲ್ಲ ಅಂದೆನಲ್ಲ ಎಂದು ನಾಚಿಕೆಯಿಂದ ತಟ್ಟೆಗೆ ಕೈ ಚಾಚಿದರು.

ತಟ್ಟೆ ಬರಲಿಲ್ಲ. ಭಾವಮೈದುನ ಎರಡನ್ನೂ ಕಟ್ಟೆಯ ಮೇಲಿಟ್ಟು, ತನ್ನ ತೋರುಬೆರಳನ್ನು ಸಾಹೇಬರ ಅಂಗೈ ಮೇಲೆ ಒಮ್ಮೆ ಎಳೆದು, ಬೆಳಕಿಗೆ ಹಿಡಿದು ನೋಡಿದ.

"ಇನ್ನೊಂದ್ಸಲ, ಭಾವ."

ಸಾಹೇಬರು ಎದ್ದು ನಲ್ಲಿಗೆ ಹೋಗಿ ನಲವತ್ತರವರೆಗೆ ಎಣಿಸಿ ತೊಳೆದರು. ಒರೆಸಿಕೊಳ್ಳಲು ಏನೂ ಇರಲಿಲ್ಲ. ಅತ್ತಿತ್ತ ನೋಡಿ, ಕೈಯನ್ನು ಗಾಳಿಯಲ್ಲಿ ಪಟಪಟ ಕೊಡವಿದರು.