ನನ್ನ ಗೌರವಾರ್ಥ ನಡೆದ ಮೌನಾಚರಣೆಯ ಕುರಿತು

ಸ್ಕಾರ್‌ಬೆಕ್ ಕ್ರಿಕೆಟ್ ಕ್ಲಬ್ಬಿನ ಗೌರವ ಕಾರ್ಯದರ್ಶಿ ಜೆರಾಲ್ಡ್ ಹಡ್ಸ್‌ವೆಲ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮೊಣಕಾಲೂ ಕ್ಷೇಮವೆಂದು, ಮೈದಾನದ ಹುಲ್ಲು ಈ ವರ್ಷವೂ ಚೆನ್ನಾಗಿ ಬಂದಿದೆಯೆಂದು ನಂಬಿ, ತಮ್ಮ ಎದುರು ಸಾಲಿನ ಮನೆಯಲ್ಲಿರುವ ಸಿರಿಲ್ ಮೆಟ್‌ಕಾಫ್ ಎಂಬ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಪೆವಿಲಿಯನ್ನಿನ ಫಲಕಕ್ಕೂ ಅಂಟಿಸಿದ್ದೇನೆ. ಸತ್ತವನು ಬರೆದ ಪತ್ರ ಖಾಸಗಿಯಾಗಿ ಉಳಿಯುವುದು ಅಷ್ಟು ಶೋಭಿಸುವುದಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಈ ಕ್ಲಬ್ಬಿಗೆ ಸೇರಿದ ನಾನು ಇಪ್ಪತ್ತಾರು ಬೇಸಿಗೆ ಹನ್ನೊಂದನೆಯವನಾಗಿ ಬ್ಯಾಟ್ ಹಿಡಿದು, ಒಮ್ಮೆ ಹದಿನಾಲ್ಕು ರನ್ ಹೊಡೆದು, ಆಮೇಲಿನ ಇಪ್ಪತ್ತೈದು ಬೇಸಿಗೆ ಅಂಪೈರಿನ ಬಿಳಿ ಕೋಟು ತೊಟ್ಟು ನಿಂತವನೆಂಬುದು ತಮಗೆ ಗೊತ್ತೇ ಇದೆ. ಶನಿವಾರ ಬಿಡುವಿಲ್ಲದವನನ್ನು ಮದುವೆಯಾಗಲು ಈ ಕಣಿವೆಯಲ್ಲಿ ಯಾರೂ ಒಪ್ಪಲಿಲ್ಲ, ನನಗೂ ಅದೊಂದು ಕೊರತೆ ಅನಿಸಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ವಾರ್ಷಿಕ ಸಭೆಯನ್ನು ತಪ್ಪಿಸಿದ್ದು ಒಂದೇ ಸಲ, ಕಳೆದ ಮಾರ್ಚಿನಲ್ಲಿ, ಲೀಡ್ಸಿನ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡು ಮಲಗಿದ್ದಾಗ. ಮೆಟ್‌ಕಾಫ್ ಬಂದಿಲ್ಲವೆಂದರೆ ಸತ್ತೇ ಹೋಗಿರಬೇಕೆಂದು ಸಭೆಯು ತರ್ಕಿಸಿತಂತೆ. ಇದನ್ನು ನನ್ನ ಶಿಸ್ತಿಗೆ ಸಂದ ಪ್ರಶಸ್ತಿಯೆಂದೇ ಭಾವಿಸಿದ್ದೇನೆ. ಆ ದಿನ ಸರ್ವಾನುಮತದಿಂದ ಪಾಸಾದದ್ದು ನನ್ನ ಸಂತಾಪದ ಠರಾವೊಂದೇ ಎಂದೂ, ಚಹಾದ ಜೊತೆಗಿನ ಸ್ಯಾಂಡ್‌ವಿಚ್ಚಿಗೆ ಹ್ಯಾಮೋ ಮೊಟ್ಟೆಯೋ ಎಂಬ ವಿಷಯ ಈ ಸಲವೂ ಇತ್ಯರ್ಥವಾಗಲಿಲ್ಲವೆಂದೂ ಕೇಳಿದೆ.

ಋತುವಿನ ಮೊದಲ ಶನಿವಾರ ನಾನು ಕೋಲೂರಿಕೊಂಡು ಮೈದಾನಕ್ಕೆ ಬರುವಷ್ಟರಲ್ಲಿ ಎರಡೂ ತಂಡಗಳು ಬೌಂಡರಿಯ ಬಳಿ ತಲೆತಗ್ಗಿಸಿ ನಿಂತಿದ್ದವು. ಯಾರಿಗಾಗಿ ಎಂದು ಕೇಳಲು ಅದು ಸಮಯವಲ್ಲವಾದ್ದರಿಂದ ನಾನೂ ಟೋಪಿ ತೆಗೆದು ಸಾಲಿನ ಕೊನೆಯಲ್ಲಿ ನಿಂತೆ. ಚಹಾ ಕಾಯಿಸುವ ಹ್ಯಾರಿಯೆಟ್ ಕಾಣದಿದ್ದರಿಂದ ಅವರೇ ತೀರಿಹೋಗಿರಬೇಕೆಂದುಕೊಂಡು, ನಿಜ ಹೇಳುತ್ತೇನೆ, ಎರಡು ಹನಿ ಕಣ್ಣೀರನ್ನೂ ಹಾಕಿದೆ. ನಿಮಿಷ ಮುಗಿದು ನಾಯಕ ನೈಜೆಲ್ ಗಂಟಲು ಸರಿಮಾಡಿಕೊಂಡು, "ಸಿರಿಲ್ ಇದ್ದಿದ್ರೆ ಟಾಸ್ ಗೆದ್ದು ಬ್ಯಾಟಿಂಗೇ ತಗೋ ಅಂತಿದ್ದ" ಎಂದಾಗಲೇ ನನಗೆ ವಿಷಯ ತಿಳಿದದ್ದು. ನಾನು ಹಾಗೆ ಖಂಡಿತ ಅನ್ನುತ್ತಿರಲಿಲ್ಲ, ಪಿಚ್ ಹಸಿಯಾಗಿತ್ತು. ಹತ್ತಿರ ಹೋಗಿ, "ನಾನಿನ್ನೂ ಇದ್ದೀನಿ ಕಣಯ್ಯ" ಎಂದೆ. ಆತ ನನ್ನನ್ನೂ ತನ್ನ ತೋಳನ್ನೂ ನೋಡಿಕೊಂಡು, "ಅಯ್ಯೋ ಸಿರಿಲ್, ಎಲ್ಲರೂ ಕಪ್ಪುಪಟ್ಟಿ ಕಟ್ಕೊಂಡಾಯ್ತಲ್ಲ. ಆಟ ಮುಗಿಯೋವರೆಗೂ ಸ್ವಲ್ಪ ಸುಮ್ನಿರ್ತೀಯಾ?" ಎಂದು ಬಹಳ ವಿನಯದಿಂದ ಕೇಳಿಕೊಂಡ. ನಾನು ಸುಮ್ಮನಿದ್ದೆ. ಮೊದಲು ಬ್ಯಾಟ್ ಹಿಡಿದ ನಮ್ಮವರೆಲ್ಲ ನೂರಾ ಹತ್ತು ರನ್ನಿಗೆ ಔಟಾದರು.

ಸಂಜೆ ತಾವು ನೀಡಿದ ಸ್ಪಷ್ಟೀಕರಣವನ್ನು ನಾನು ಮರೆಯಲಾರೆ. "ನೋಡು ಸಿರಿಲ್, ನೀನು ಬದುಕಿರೋದಕ್ಕೆ ವೈಯಕ್ತಿಕವಾಗಿ ನನ್ನ ತಕರಾರೇನಿಲ್ಲ. ಆದ್ರೆ ಪಾಸಾದ ಠರಾವನ್ನ ಇನ್ನೊಂದು ವಾರ್ಷಿಕ ಸಭೆನೇ ರದ್ದು ಮಾಡ್ಬೇಕು" ಎಂದಿರಿ. ಹೀಗೆ ಬರುವ ಮಾರ್ಚಿನವರೆಗೆ ನಾನು ದಿವಂಗತನಾಗಿದ್ದು, ನನ್ನ ಕೋಟು ಹೊಸ ಅಂಪೈರ್ ಮಾರಿಸ್ ಟಾಡ್ ಅವರ ಪಾಲಾಗಿ, ತೋಳು ಉದ್ದವಾಯಿತೆಂದು ಕತ್ತರಿಸಿ ಹೊಲಿಸಿಯೂ ಆಗಿದೆ. ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಕಾರ್ಯದರ್ಶಿ ಸಿಕ್ಕಿದ್ದು ನಮ್ಮೆಲ್ಲರ ಪುಣ್ಯ, ವಿಶೇಷವಾಗಿ ಬದುಕಿರುವ ಸದಸ್ಯರ ಪುಣ್ಯ.

ಆದರೂ ಒಂದೆರಡು ಬಿನ್ನಹಗಳಿವೆ. ಕ್ರಿಕೆಟ್ಟಿನ ನಿಯಮಾವಳಿಯನ್ನು ಎರಡು ಸಲ ಓದಿದೆ. ಅಂಪೈರು ಜೀವಂತವಾಗಿರಬೇಕೆಂದು ನನಗೆಲ್ಲೂ ಕಾಣಲಿಲ್ಲ. ನಾನು ಬದುಕಿದ್ದಾಗಲೇ ನನಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ ಎಂದು ಅಕ್ಕಪಕ್ಕದ ಊರಿನ ತಂಡಗಳೆಲ್ಲ ಹೇಳುತ್ತ ಬಂದಿರುವುದರಿಂದ, ಮೃತಸ್ಥಿತಿಯಲ್ಲಿ ನಿಂತರೆ ಯಾರಿಗೂ ವ್ಯತ್ಯಾಸ ತಿಳಿಯಲಾರದು. ಇನ್ನು ನನ್ನ ನೆನಪಿಗೆ ತಾವು ಹಾಕಿಸಿದ ಬೆಂಚು ಬಹಳ ಗಟ್ಟಿಯಾಗಿದೆ, ಆದರೆ ಅದು ಕಾರು ನಿಲ್ಲಿಸುವ ಜಾಗಕ್ಕೆ ಮುಖಮಾಡಿದೆ. ಕಳೆದ ವಾರ ಅಲ್ಲಿ ಕೂತಿದ್ದಾಗ ಎದುರಾಳಿ ತಂಡದವರ ಪೈಕಿ ಒಬ್ಬ ಹೆಂಗಸು ಬೆಂಚಿನ ಮೇಲಿನ ನನ್ನ ಹೆಸರಿನ ಫಲಕ ಓದಿ, "ಇವ್ರು ನಿಮಗೆ ಗೊತ್ತಿತ್ತಾ?" ಎಂದರು. ಅಷ್ಟಿಷ್ಟು ಎಂದೆ. "ಪಾಪ, ಇಲ್ಲಿಂದ ಆಟಾನೇ ಕಾಣಲ್ಲವಲ್ಲ" ಎಂದು ನನಗೊಂದು ಬಿಸ್ಕತ್ತು ಕೊಟ್ಟರು. ದಯವಿಟ್ಟು ಬೆಂಚನ್ನು ತಿರುಗಿಸಿ, ಇಲ್ಲವೇ ಮೈದಾನವನ್ನು ತಿರುಗಿಸಿ, ಯಾವುದು ಸಮಿತಿಗೆ ಸುಲಭವೋ ಅದು.

ಶನಿವಾರ ಮಧ್ಯಾಹ್ನ ಏನು ಮಾಡಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ತಿಳಿದುಕೊಳ್ಳುವ ಅಗತ್ಯ ಈವರೆಗೆ ಬಿದ್ದಿರಲಿಲ್ಲ. ನನಗೆ ಆ ಕೋಟು ಬೇಕು, ಜೆರಾಲ್ಡ್.

ಠರಾವಿಗೆ ತಲೆಬಾಗಿ ಸದ್ಯಕ್ಕೆ ಸತ್ತೇ ಇರುವ,
ತಮ್ಮ ವಿಶ್ವಾಸಿ,
ಸಿರಿಲ್ ಮೆಟ್‌ಕಾಫ್

ತಾ.ಕ.: ಠರಾವು ಪಾಸಾದ ದಿನದಿಂದ ಮೌನಾಚರಣೆಯವರೆಗೆ ಐದು ವಾರಗಳಿದ್ದವು. ಅಷ್ಟರಲ್ಲಿ ನನ್ನನ್ನು ಯಾವಾಗ ಮಣ್ಣು ಮಾಡುತ್ತಾರೆಂದು ಒಬ್ಬರೂ ವಿಚಾರಿಸಲಿಲ್ಲ. ಮುಂದೆ ನಾನು ಸಭೆಗೆ ಬರದೇ ಇದ್ದರೆ, ಠರಾವಿಗೆ ಮೊದಲು ರಸ್ತೆ ದಾಟಿ ಒಮ್ಮೆ ಬಾಗಿಲು ಬಡಿಯಿರಿ. ತೆರೆಯುವುದು ತಡವಾದರೆ ಹೊರಟುಹೋಗಬೇಡಿ, ನಾನು ಬರುತ್ತಿರುತ್ತೇನೆ.