ಪರದೆ ಎಳೆದು ಹೇಳಿದ ಗುಟ್ಟು

ಶುಕ್ರವಾರ ಸೌದಿಯ ದಮ್ಮಾಮಿನಿಂದ ಗಂಡ ಮಾಡುವ ಫೋನಿನಲ್ಲಿ ನನ್ನ ಪಾಲಿಗೆ ಉಳಿಯುವುದು ಒಂದೇ ಮಾತು: "ಸೌಖ್ಯ ಉಂಟಲ್ಲ?" ಅದಕ್ಕೆ ಮೊದಲಿನದ್ದೆಲ್ಲ ಮಾಮಿಯದು. ನನ್ನ ಅತ್ತೆ ಬೀಫಾತಿಮಾ ತಮ್ಮ ಮೊಣಕಾಲು ನೋವು, ಮೀನಿನ ದರ, ಬೆಕ್ಕಿನ ಬಾಣಂತನ ಎಲ್ಲವನ್ನೂ ಮಗನಿಗೆ ವರದಿ ಮಾಡಿ ಮುಗಿಸುವಾಗ ಇವರ ಫೋನ್ ಕಾರ್ಡೂ ಮುಗಿಯುತ್ತದೆ. ಮದುವೆಯಾಗಿ ಎರಡು ವರ್ಷ; ನನಗಿಂತ ನಮ್ಮ ಬೆಕ್ಕಿನ ಪರಿಚಯವೇ ಇವರಿಗೆ ಹೆಚ್ಚು.

ಮಾಮಿಗೆ ಹೇಳಲು ಧೈರ್ಯವಿಲ್ಲ. ಕಾಲೇಜಿನ ಗೆಳತಿ ಸಾತ್ವಿಕಾ ದಾರಿ ತೋರಿಸಿದಳು.

"ಇಂಟರ್ನೆಟ್ಟಿನಲ್ಲಿ ಕೌನ್ಸೆಲಿಂಗ್ ಉಂಟು ಮಾರಾಯ್ತಿ. ಬೆಂಗಳೂರಿನ ಮೇಡಂ ಮಾತಾಡ್ತಾರೆ."

"ಯಾರಿಗಾದ್ರೂ ಗೊತ್ತಾದ್ರೆ?"

"ಸುಳ್ಳು ಹೆಸರು ಕೊಡು, ಸೈಬರ್ ಕ್ಯಾಬಿನ್ನಿನ ಪರದೆ ಎಳಿ. ಮತ್ತೆಂತ ಹೆದರಿಕೆ?"

ಸಿದ್ಧಕಟ್ಟೆಯಿಂದ ಬಸ್ಸು ಹತ್ತಿ ಮೂಡಬಿದಿರೆಯ ಬಸ್ಸು ನಿಲ್ದಾಣದ ಮೇಲಿನ ಮಾಳಿಗೆಯಲ್ಲಿರುವ ಉಮ್ಮರ್‌ನ ಸೈಬರ್ ಕೆಫೆಗೆ ಹೋದೆ. ಮೇಡಂಗೆ ಹೆಸರು ಕಾಂತಿ ಎಂದು ಕೊಟ್ಟೆ, ಊರು ಹುಬ್ಬಳ್ಳಿ ಎಂದೆ. ಪರದೆ ಎಳೆದು, ಶಾಲಿನ ಪಿನ್ನು ತೆಗೆದು ಅದಕ್ಕೆ ಚುಚ್ಚಿದೆ. ದಪ್ಪ ಹೆಡ್‌ಫೋನ್ ಹಾಕಿದ ಮೇಲೆ ಹೊರಗಿನದ್ದೇನೂ ನನಗೆ ಕೇಳಿಸಲಿಲ್ಲ. ನನ್ನದೂ ಹೊರಗೆ ಕೇಳಿಸದು ಎಂದು ತೀರ್ಮಾನಿಸಿದೆ.

ನಮ್ಮ ಮನೆಯಲ್ಲಿ ದೂರಕ್ಕೆ ತಕ್ಕ ಸ್ವರ. ದಮ್ಮಾಮಿಗೆ ಮಾಮಿ ಮಾತಾಡಿದರೆ ರಸ್ತೆಯಾಚೆಯ ನಾಯಿ ಎದ್ದು ನಿಲ್ಲುತ್ತದೆ. ಬೆಂಗಳೂರು ಅಷ್ಟು ದೂರವಲ್ಲವಾದ್ದರಿಂದ ನಾನು ಅರ್ಧ ಸ್ವರದಲ್ಲಿ ಕೂಗಿದೆ: "ಮೇಡಂ, ನನ್ನ ಗಂಡನ ಹತ್ರ ಮಾತಾಡ್ಲಿಕ್ಕೆ ಮಾಮಿ ಬಿಡುವುದಿಲ್ಲ!"

ಮೇಡಂ "ಮೆಲ್ಲಗೆ" ಎಂದೇನೋ ಹೇಳಿದರು. ಲೈನು ಸರಿಯಿಲ್ಲವೆಂದುಕೊಂಡು ಪೂರ್ತಿ ಸ್ವರ ತೆಗೆದೆ.

ಪಿನ್ನು ಬಿಚ್ಚಿ ಹೊರಬಂದಾಗ ಕೆಫೆಯಲ್ಲಿ ಒಬ್ಬರೂ ಟೈಪ್ ಮಾಡುತ್ತಿರಲಿಲ್ಲ.

"ಹಫ್ಸ, ನಾನು ಯಾರಿಗೂ ಹೇಳುವುದಿಲ್ಲ," ಎಂದ ನಮ್ಮೂರಿನವನೇ ಆದ ಉಮ್ಮರ್, ನನ್ನ ನಿಜ ಹೆಸರು ಹಿಡಿದೇ. "ಆದರೆ ಕೆಳಗೆ ಬಸ್ಸಿಗೆ ಕಾಯ್ತಿದ್ದವರ ಜವಾಬ್ದಾರಿ ನನ್ನದಲ್ಲ. ನಿಮ್ಮ ಪಕ್ಕದ ಮನೆ ಸಫಿಯಮ್ಮ ಈಗಷ್ಟೇ ಬಸ್ಸು ಹತ್ತಿದರು."

ಮನೆಯಲ್ಲಿ ಮಾಮಿ ಏನೂ ಕೇಳಲಿಲ್ಲ. ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು. ಭಯಂಕರವಾಗಿತ್ತು (ಮೀನಲ್ಲ, ಮೌನ).

ಶುಕ್ರವಾರ ಫೋನು ಬಂತು. ಮಾಮಿ ಎತ್ತಿಕೊಂಡು, "ಮುನವ್ವರ್, ನನ್ನದೇನೂ ಇಲ್ಲ. ಬೆಕ್ಕೂ ಸೌಖ್ಯ. ಹಫ್ಸಳಿಗೆ ಕೊಡ್ತೇನೆ," ಎಂದರು. ರಿಸೀವರನ್ನು ನನ್ನ ಕೈಯಲ್ಲಿಟ್ಟು ಹೊರಹೋಗಿ, ಬಾಗಿಲನ್ನೂ ಎಳೆದುಕೊಂಡರು.

"ಹೇಳು ಹಫ್ಸ," ಎಂದರು ಇವರು. ಕಾರ್ಡು ಇಡೀ ನನ್ನದು. ಎರಡು ವರ್ಷದ ಮಾತಿನಲ್ಲಿ ಯಾವುದು ಮೊದಲೆಂದು ತಿಳಿಯದೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಬುದ್ಧಿ ಬಂದಿದ್ದರಿಂದ ಈ ಸಲ ಪಿಸುಗುಟ್ಟಿದೆ:

"ಸೌಖ್ಯ ಉಂಟಲ್ಲ?"

ಬಾಗಿಲಿನ ಆಚೆಯಿಂದ ಮಾಮಿಯ ಸ್ವರ ಬಂತು.

"ಜೋರು ಮಾತಾಡು ಮಗಳೇ, ಸೈಬರಿನಲ್ಲಿ ಮಾತಾಡಿದ ಹಾಗೆ. ಇಲ್ಲಿ ನನ್ನ ಪಕ್ಕ ಕೂತ ಸಫಿಯಮ್ಮನಿಗೆ ಏನೂ ಕೇಳಿಸ್ತಿಲ್ಲ."