ಫೌಂಡ್ರಿ ತಂಡದ ಓಟ ಅಳೆದದ್ದು

ಮಂದಿಯ ಕಾಲಿಗೆ ವೇಗ ಹಚ್ಚಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗಂತೂ ವಾರಕ್ಕೊಂದು ಆಗುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ನಾನು ಬೆಳಗಾವಿಯ ಒಂದು ಫೌಂಡ್ರಿಯ ಫುಟ್‌ಬಾಲ್ ತಂಡದ ತರಬೇತುದಾರ. ಓಟ ಕಲಿಸುವುದರಲ್ಲಿ ಕಾಕತಿಯಿಂದ ಲೋಂಡಾತನಕ ನನ್ನಂಥವನು ಇನ್ನೊಬ್ಬ ಇರಲಿಲ್ಲ. ಇದ್ದಿದ್ದರೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಿದ್ದರು?

ನನ್ನ ಕೈಗೆ ಸಿಕ್ಕ ರತ್ನವೆಂದರೆ ಬಲಬದಿಗೆ ಆಡುವ ಖಾನಾಪುರದವನು. ಹಗಲೆಲ್ಲ ಭಟ್ಟಿಯ ಮುಂದೆ ಕೆಲಸ ಮಾಡಿ ಕೆಮ್ಮು ಹತ್ತಿತ್ತು. ಭಟ್ಟಿ ಬಿಡು ಅಂತ ಡಾಕ್ಟರು ಹೇಳಿದ್ದರು. ಬಿಟ್ಟರೆ ಮನೆಯ ಒಲೆ ಹೊತ್ತುವಂತಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ದೊಡ್ಡ ಕಂಪನಿಯ ತಂಡವೊಂದು ಆಟಗಾರರನ್ನು ಆರಿಸಲು ಬರುವ ಸುದ್ದಿ ಬಂತು. ಆಯ್ಕೆಯಾದರೆ ಕುರ್ಚಿಯ ಮೇಲೆ ಕೂರುವ ನೌಕರಿ.

"ಮಾಮಾ, ನನಗ ಇನ್ನೊಂದೀಟು ಜೋರ್ ಓಡಾಕ ಕಲಸ್ರಿ," ಅಂದ. "ಇಲ್ಲಾಂದ್ರ ಆ ಭಟ್ಟೀನ ನನ್ನ ತಿಂತೈತಿ."

ಹಗ್ಗ

ಮೈದಾನದಲ್ಲಿ ಓಟದ ದೂರ ಅಳೆಯಲು ನನ್ನ ಹತ್ತಿರ ಪುಂಡಿ ನಾರಿನ ದಪ್ಪ ಹಗ್ಗವಿತ್ತು. ಮಳೆ ಹಿಡಿದದ್ದೇ ತಡ, ಎಲ್ಲರ ವೇಗ ಏರಿತು. ಹೊಟ್ಟೆ ಹೊತ್ತ ಗೋಲ್‌ಕೀಪರನೂ ಹಿಂದೆ ಬೀಳಲಿಲ್ಲ. ಎಲ್ಲ ನನ್ನ ಎಣ್ಣೆ ಮಾಲೀಶಿನ ಪ್ರತಾಪವೆಂದು ಮಾಲೀಕರ ಮುಂದೆ ಎದೆಯುಬ್ಬಿಸಿದೆ. ಅವರು ಕಬ್ಬಿಣದ ಟೇಪು ತರಿಸಿ ಅಳೆಸಿದರು.

"ಇವರ ವೇಗ ಏನೂ ಹೆಚ್ಚಾಗಿಲ್ಲೋ ಮಾರಾಯಾ, ನಿನ್ನ ಹಗ್ಗ ತೊಯ್ದು ಗಿಡ್ಡ ಆಗೇತಿ."

ನಾನೇನು ಸೋಲುವವನೇ? ಹಂಗಾರೆ ಪಂದ್ಯಗಳನ್ನೆಲ್ಲ ಮಳೆಗಾಲದಲ್ಲೇ ಇಡಿಸಿರಿ ಅಂದೆ.

ರೈಲು

ನಮ್ಮವನು ಸಂಜೆ ರೈಲಿಗೆ ಖಾನಾಪುರಕ್ಕೆ ಹೋಗುತ್ತಿದ್ದ. ಇಳಿದ ಮೇಲೆ, ಗಾಡಿ ಬಿಟ್ಟಿತೆಂದರೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ಅದರ ಕೂಡ ಜಿದ್ದಿಗೆ ಬಿದ್ದು ಓಡು ಎಂದು ಹೇಳಿಕೊಟ್ಟೆ. ಓಡಿದ. ಪಾಪ, ಗಾಡಿ ತಪ್ಪೇತಿ ಅಂದುಕೊಂಡು ಬಾಗಿಲಲ್ಲಿದ್ದ ಮಂದಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಬೇಡ ಅನ್ನುವುದರೊಳಗೆ ಗಾಡಿ ಕಾಡು ಹೊಕ್ಕಿತ್ತು. ಮರುದಿನ ತಡವಾಗಿ ಬಂದು ಮೇಸ್ತ್ರಿಯಿಂದ ಬೈಸಿಕೊಂಡ. ನಾನು ಕೇಳಿದ್ದು ಒಂದೇ, ಓಟದಲ್ಲಿ ಗೆದ್ದವರು ಯಾರು ಅಂತ.

"ಇಬ್ಬರೂ ಕೂಡೇ ಲೋಂಡಾ ಮುಟ್ಟಿದಿವ್ರಿ, ಮಾಮಾ."

ಆಯ್ಕೆ

ಬೆಂಗಳೂರಿನ ಸಾಹೇಬರ ಕೈಯಲ್ಲಿ ಖರೇ ಸ್ಟಾಪ್‌ವಾಚ್ ಇತ್ತು. ನಮ್ಮವನು ಓಡಿದ. ಕಲಿಸಿದವನು ನಾನೇ ಆದರೂ, ಅಷ್ಟು ಓಡುತ್ತಾನೆಂದು ನನಗೂ ಗೊತ್ತಿರಲಿಲ್ಲ. ಸಾಹೇಬರು ವಾಚು ನೋಡಿದರು, ಅಲ್ಲಾಡಿಸಿದರು, ಕಿವಿಗೆ ಹಿಡಿದರು. ಇಷ್ಟು ಬೇಗ ಯಾರೂ ಮುಟ್ಟುವುದಿಲ್ಲ, ಇನ್ನೊಮ್ಮೆ ಓಡು ಅಂದರು. ಓಡಿದ, ಆಗಲೂ ನಂಬಲಿಲ್ಲ. ವಾಚು ಬದಲಿಸಿ ಮತ್ತೊಮ್ಮೆ, ಜಾಗ ಬದಲಿಸಿ ಮಗದೊಮ್ಮೆ. ಅವನಿಗೆ ಕೆಮ್ಮು ಎದ್ದಿತು. ಸಾಕು ಬಿಡ್ರಿ ಅಂತ ನಾನು ನಡುವೆ ಹೋದರೆ, ಅವನೇ ನನ್ನನ್ನು ಬಾಜೂಕ ಸರಿಸಿ ಮತ್ತೆ ಗೆರೆಯ ಮೇಲೆ ಹೋಗಿ ನಿಂತ. ಕೆಮ್ಮುತ್ತಲೇ ಓಡಿ ಬಂದು ನೆಲಕ್ಕೆ ಕುಸಿದು ಕೂತ.

ಸಾಹೇಬರ ಮುಖ ಅರಳಿತು. "ಈಗ ಸರಿಯಾಗಿ ಬಂತು ನೋಡಿ. ಇದು ನಂಬೋ ಅಂಥ ವೇಗ."

ಹಂಗಾರೆ ತಗೊಂಡಿರೇನ್ರಿ ಅಂತ ಕೇಳಿದೆ.

"ಇಷ್ಟು ನಿಧಾನ ಓಡೋನ್ನ ಕಟ್ಕೊಂಡು ನಾವೇನ್ರೀ ಮಾಡೋಣ?"